ಮಗುವಿನ ಬೆರಳಿಗೆ ಹಿಮಕಡಿತ: ಮನೆಯಲ್ಲಿ ಆರೈಕೆ ಹೇಗೆ?

ಪ್ರಶ್ನೆ: ನಮ್ಮ ಮಗನಿಗೆ ಮೂರು ವರ್ಷ. ಹಿಮದಲ್ಲಿ ಆಡುವಾಗ ಗ್ಲೌಸ್ ಒದ್ದೆಯಾಗಿ ಬೆರಳುಗಳಿಗೆ ಫ್ರಾಸ್ಟ್‌ಬೈಟ್ (ವಿಪರೀತ ಚಳಿಗೆ ಚರ್ಮ ಹೆಪ್ಪುಗಟ್ಟಿ ಆಗುವ ಗಾಯ) ಆಯ್ತು. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟು ಮನೆಗೆ ಕಳಿಸಿದ್ದಾರೆ. ಈಗ ನೀರುಗುಳ್ಳೆ ಎದ್ದಿವೆ. ಬ್ಯಾಂಡೇಜ್ ಕಿತ್ತು ಹಾಕುತ್ತಾನೆ. ಎಣ್ಣೆ ಹಚ್ಚಿ ತಿಕ್ಕಿ, ಸ್ವಲ್ಪ ಶಾಖ ಕೊಡಬಹುದಾ?

ಉತ್ತರ (ಮಕ್ಕಳ ವಾರ್ಡಿನ ನರ್ಸ್): ತಿಕ್ಕುವುದೂ ಬೇಡ, ಶಾಖವೂ ಬೇಡ. ಹೆಪ್ಪುಗಟ್ಟಿದ್ದ ಬೆರಳಲ್ಲಿ ಸಣ್ಣ ರಕ್ತನಾಳಗಳಿಗೆ ಆಗಲೇ ಪೆಟ್ಟು ಬಿದ್ದಿರುತ್ತದೆ. ತಿಕ್ಕಿದರೆ ಗಾಯ ಜಾಸ್ತಿಯಾಗುತ್ತದೆ. ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ, ಹಾಗಾಗಿ ಹೀಟರ್, ಬಿಸಿನೀರಿನ ಚೀಲ ಸುಟ್ಟರೂ ಮಗು ಅಳುವುದಿಲ್ಲ. ನನಗೆ ಹೆಚ್ಚು ಭಯ ಇದರದ್ದೇ. 37ರಿಂದ 39 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಬೆರಳು ಅದ್ದಿ ಇಡುವುದು ಹೆಪ್ಪು ಬಿಡಿಸಲು ಮಾತ್ರ. ಆ ಕೆಲಸ ಮುಗಿದಿದೆ. ಈಗ ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ ಅಥವಾ ನೀಲಿಯಾದರೆ ಬ್ಯಾಂಡೇಜ್ ಬಿಗಿಯಾಗಿದೆಯಾ ನೋಡಿ, ಸಡಿಲಿಸಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.

ಗುಳ್ಳೆಗಳನ್ನು ನೀವಾಗಿ ಒಡೆಯಬೇಡಿ. ತಾನಾಗಿ ಒಡೆದರೆ ಶುದ್ಧ ನೀರಲ್ಲಿ ತೊಳೆದು, ಒತ್ತದೆ ನೀರು ಹೀರಿಸಿ, ಗಾಯಕ್ಕೆ ಅಂಟದ ಗಾಜ್ (ಡ್ರೆಸಿಂಗ್‌ಗೆ ಬಳಸುವ ತೆಳು ಬಟ್ಟೆ) ಇಡಿ. ಬೆರಳುಗಳ ನಡುವೆಯೂ ಗಾಜ್ ಇರಲಿ, ಒಂದಕ್ಕೊಂದು ತಾಗಬಾರದು. ಮೇಲಿಂದ ಸಡಿಲವಾದ ಹತ್ತಿಯ ಕಾಲುಚೀಲ ಹಾಕಿ, ಮೊಣಕೈಯ ಹತ್ತಿರ ಅಂಗಿಯ ತೋಳಿಗೆ ಪಿನ್ ಇಲ್ಲದೆ ಟೇಪ್‌ನಿಂದ ಅಂಟಿಸಿ. ಕೀಳುವ ಆಟ ಅರ್ಧ ನಿಲ್ಲುತ್ತದೆ! ಕೂತಾಗ, ಮಲಗಿದಾಗ ಕೈ ಎದೆಗಿಂತ ಮೇಲಿದ್ದರೆ ಊತ ಇಳಿಯುತ್ತದೆ.

ನೋವಿಗೆ ವೈದ್ಯರು ತೂಕ ನೋಡಿ ಬರೆದ ಔಷಧಿ ಮಾತ್ರ. ಡ್ರೆಸಿಂಗ್ ಬದಲಿಸುವ ಅರ್ಧ ಗಂಟೆ ಮೊದಲು ಕೊಡಬಹುದಾ ಎಂದು ಅವರನ್ನೇ ಕೇಳಿ. ಆಸ್ಪಿರಿನ್ ಬೇಡವೇ ಬೇಡ, ಮಕ್ಕಳಲ್ಲಿ ಅದು ಅಪರೂಪಕ್ಕೆ ಮಿದುಳಿಗೂ ಯಕೃತ್ತಿಗೂ ತೊಂದರೆ ಮಾಡುತ್ತದೆ. ಮೂರು ವರ್ಷದವನು ನೋವನ್ನು ಬಾಯಿ ಬಿಟ್ಟು ಹೇಳದೇ ಇರಬಹುದು. ಆ ಕೈ ಬಳಸದಿರುವುದು, ಊಟ ಬಿಡುವುದು, ರಾತ್ರಿ ಎದ್ದು ಅಳುವುದು ಗಮನಿಸಿ.

ಜ್ವರ, ಕೀವು, ಕೆಟ್ಟ ವಾಸನೆ, ಹರಡುವ ಕೆಂಪು, ರಕ್ತ ತುಂಬಿದ ಗುಳ್ಳೆ ಕಂಡರೆ ಅವತ್ತೇ ತೋರಿಸಿ. ಚರ್ಮ ಕಪ್ಪಾದರೂ ತಕ್ಷಣ ತೋರಿಸಿ, ಆದರೆ ಬೆರಳೇ ಹೋಯಿತು ಎಂದುಕೊಳ್ಳಬೇಡಿ. ಕೆಳಗೆ ಎಷ್ಟು ಜೀವ ಉಳಿದಿದೆ ಎಂದು ತಿಳಿಯಲು ವಾರಗಳೇ ಬೇಕಾಗಬಹುದು.

ಇನ್ನೊಂದು ಮಾತು ಬಹಳ ಜನ ಕೇಳುವುದೇ ಇಲ್ಲ. ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪಟ್ಟಿ, ಅಂದರೆ ಮೂಳೆ ಉದ್ದ ಬೆಳೆಯುವ ಜಾಗ, ಇರುತ್ತದೆ. ಚಳಿ ಅದನ್ನು ಕೆಡಿಸಿದ್ದರೆ ವರ್ಷಗಳ ನಂತರ ಬೆರಳು ಗಿಡ್ಡವಾಗಿ ಅಥವಾ ಸೊಟ್ಟಗೆ ಬೆಳೆಯಬಹುದು. ಚರ್ಮ ಚೆನ್ನಾಗಿ ಮಾಗಿದ ಮೇಲೂ ಮೂಳೆ ವೈದ್ಯರಿಗೆ ಆಗಾಗ ತೋರಿಸುತ್ತಿರಿ. ಎಕ್ಸ್‌ರೇ ಯಾವಾಗ ಬೇಕು ಎಂದು ಅವರು ಹೇಳುತ್ತಾರೆ.