ಟೆಕ್ನಿಕಲ್ ಬಿಡ್‌ನಲ್ಲೇ ಟೆಂಡರ್ ಹೊರಗಾಯ್ತು. ಕೆಟಿಪಿಪಿ ಕಾಯ್ದೆಯಲ್ಲಿ (ಕರ್ನಾಟಕದ ಸರ್ಕಾರಿ ಟೆಂಡರ್‌ಗಳ ಪಾರದರ್ಶಕತೆ ಕಾಯ್ದೆ) ಮೇಲ್ಮನವಿ ಹಾಕಲೋ, ನೇರ ಹೈಕೋರ್ಟ್‌ಗೆ ಹೋಗಲೋ?

ಎರಡು ಕೋಟಿಯ ರಸ್ತೆ ಕಾಮಗಾರಿ, 'ಟೆಂಡರ್ ಸಾಮರ್ಥ್ಯ ಸಾಲದು' ಅಂತ ಅರ್ಹತೆ ನೋಡೋ ಮೊದಲ ಕವರ್‌ನಲ್ಲೇ ಔಟ್, 'ನಾನೇ ಎಲ್1 (ಅತಿ ಕಡಿಮೆ ದರದವನು) ಆಗ್ತಿದ್ದೆ' ಅನ್ನೋ ಸಂಕಟ. ನಿಮ್ಮ ಪ್ರಶ್ನೆಯಲ್ಲಿ ಊರಿನ ಹೆಸರು ಬದಲಿಸಿದರೆ ಅದು ನನ್ನದೇ ಕಥೆ.

ನಾನು ಮಲೆನಾಡಿನ ಕಡೆ ರಸ್ತೆ, ಮೋರಿ ಕೆಲಸ ಮಾಡಿಕೊಂಡಿದ್ದವನು. ನಮ್ಮ ಕಡೆ ನಾನು ಹಾಕುತ್ತಿದ್ದ ಟೆಂಡರ್‌ಗಳಲ್ಲಿ ಅವಧಿಯ ಮುಂದೆ 'ಮಳೆಗಾಲ ಬಿಟ್ಟು' ಅಂತ ಇರುತ್ತಿತ್ತು. ಜೂನ್ ಬಂತು ಅಂದ್ರೆ ಡಾಂಬರಿನ ಮಾತೇ ಇಲ್ಲ, ಅಲ್ವಾ. ಬಯಲುಸೀಮೆಯ ಒಂದು ಟೆಂಡರ್‌ಗೆ ಕೈ ಹಾಕಿದೆ. ಅವಧಿ 9 ತಿಂಗಳು. ಅದರ ಮುಂದೆ 'ಮಳೆಗಾಲ ಸೇರಿ' ಅಂತ ಇದ್ದದ್ದನ್ನು ನಾನು ಓದಲೇ ಇಲ್ಲ. ಓದಿದ್ದರೂ ಅದು ತಲೆಗೆ ಹೋಗಲಿಲ್ಲ.

ಇದು ಯಾಕೆ ಮುಖ್ಯ ಅಂದ್ರೆ, ಕೆಡಬ್ಲ್ಯು-4 ಅನ್ನೋ ಸರ್ಕಾರಿ ಮಾದರಿ ಟೆಂಡರ್ ದಾಖಲೆಯಲ್ಲಿ ಸಾಮರ್ಥ್ಯ ಅಳೆಯೋ ಸೂತ್ರ ಹೀಗಿದೆ: ಎ × ಎನ್ × 1.5 − ಬಿ. ಎ ಅಂದ್ರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚಿನ ಸಿವಿಲ್ ಕೆಲಸದ ಮೊತ್ತ, ಇವತ್ತಿನ ಬೆಲೆಗೆ ತಂದದ್ದು. ಎನ್ ಅಂದ್ರೆ ಈ ಕೆಲಸ ಮುಗಿಸಬೇಕಾದ ಅವಧಿ, ವರ್ಷದ ಲೆಕ್ಕದಲ್ಲಿ. ಬಿ ಅಂದ್ರೆ ಆ ಅವಧಿಯಲ್ಲಿ ನೀವು ಮಾಡಿ ಮುಗಿಸಬೇಕಾದ ಹಳೆಯ ಕೆಲಸಗಳ ಬಾಕಿ.

ನನ್ನ ಎ 2 ಕೋಟಿ. ಒಂಬತ್ತು ತಿಂಗಳಿಗೆ ಮಳೆಗಾಲ ಸೇರಿಸಿದರೆ ಹೆಚ್ಚುಕಮ್ಮಿ ವರ್ಷ ಆಯ್ತಲ್ಲ ಅಂತ ಎನ್ ಅನ್ನು 1 ಅಂದುಕೊಂಡೆ. ಅಲ್ಲಿಗೆ 3 ಕೋಟಿ. ಕೈಯಲ್ಲಿದ್ದ ಹಳೆ ಕೆಲಸದ ಅಗ್ರಿಮೆಂಟ್ ಮೊತ್ತ 60 ಲಕ್ಷ. ಅದನ್ನು ಪೂರ್ತಿ ಕಳೆದರೂ 2.40 ಕೋಟಿ ಉಳಿಯಿತು. ಟೆಂಡರ್ ಇದ್ದದ್ದು 2 ಕೋಟಿಗೆ. ಧಾರಾಳ ಆಯ್ತು ಅಂತ ಬಿ ಕಡೆ ತಲೆ ಕೆಡಿಸಿಕೊಳ್ಳಲೇ ಇಲ್ಲ. ನಿಜ ಹೇಳಬೇಕು ಅಂದ್ರೆ ಆ ಕೆಲಸ ಮೂರರಲ್ಲಿ ಎರಡು ಪಾಲು ಮುಗಿದಿತ್ತು, ಉಳಿದಿದ್ದು ಬರೀ 20 ಲಕ್ಷದ್ದು. ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಹತ್ತಿರ ಒಂದು ಸರ್ಟಿಫಿಕೇಟ್ ಮಾಡಿಸಿಕೊಳ್ಳಬಹುದಿತ್ತು. ಅದಕ್ಕೆ ಯಾರು ಓಡಾಡ್ತಾರೆ ಅಂತ ಸುಮ್ನೆ 60 ಲಕ್ಷ ಅಂತಲೇ ತುಂಬಿಸಿ ಅಪ್‌ಲೋಡ್ ಮಾಡಿದೆ.

ಮಳೆಗಾಲವೂ ಆ ಒಂಬತ್ತು ತಿಂಗಳೊಳಗೇ ಸೇರಿದೆ ಅಂತ ಇಲಾಖೆಯವರು ಎನ್ ಅನ್ನು 0.75 ಅಂತ ಹಿಡಿದರು. 2.25 ಕೋಟಿಯಲ್ಲಿ 60 ಲಕ್ಷ ಕಳೆದರೆ 1.65 ಕೋಟಿ. ಅಲ್ಲಿಗೆ ನನ್ನ ಕಥೆ ಮುಗಿಯಿತು. 20 ಲಕ್ಷ ಅಂತ ದಾಖಲೆ ಸಮೇತ ತೋರಿಸಿದ್ದರೆ 2.05 ಕೋಟಿ ಆಗಿ, ಅವರ ಲೆಕ್ಕದಲ್ಲೇ ನಾನು ಪಾಸು! ಇದು ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಮೇಲ್ಮನವಿ ಹಾಕಿದೆ. ವಕೀಲರು ಪಾರದರ್ಶಕತೆ, ಸಮಾನ ಅವಕಾಶ ಅಂತ ಚೆನ್ನಾಗಿಯೇ ವಾದ ಮಾಡಿದರು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಫೈಲ್ ನನ್ನ ಕಡೆ ತಿರುಗಿಸಿ, 'ಮಳೆಗಾಲ ಸೇರಿ' ಅನ್ನೋ ಸಾಲಿನ ಕೆಳಗೆ ಪೆನ್ನಿಟ್ಟು, "ಇದನ್ನ ಓದಿ" ಅಂದರು. ಅಷ್ಟರಲ್ಲಿ ನಾನು ಮಾಡಿಸಿ ತಂದಿದ್ದ ಸರ್ಟಿಫಿಕೇಟ್ ತೋರಿಸಿದೆ. ಕೊನೆ ದಿನಾಂಕ ಕಳೆದ ಮೇಲೆ ತಂದ ಕಾಗದ ನೋಡೋಕೆ ಬರಲ್ಲ ಅಂದರು. ನನ್ನೊಬ್ಬನಿಗೆ ಹಾಗೆ ಬಿಟ್ಟರೆ ಉಳಿದವರು ಸುಮ್ಮನಿರುತ್ತಾರಾ? ಅವರು ಹೇಳಿದ್ದು ಸರಿಯಾಗಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮೇಲ್ಮನವಿಯೋ ಕೋರ್ಟೋ ಅನ್ನೋದು ಆಮೇಲಿನ ಮಾತು. ಮೊದಲು ಮೌಲ್ಯಮಾಪನದ ಶೀಟ್ ತಗೊಂಡು, ನೀವು ಅಪ್‌ಲೋಡ್ ಮಾಡಿದ ಕಾಗದಗಳನ್ನಷ್ಟೇ ಇಟ್ಟುಕೊಂಡು ಲೆಕ್ಕ ಮಾಡಿ. ಮನೆಯಲ್ಲಿರೋ ಕಾಗದ ಬೇಡ. ಅವರ ಲೆಕ್ಕ ತಪ್ಪಿದ್ದರೆ ಕಲಂ 16ರ ಮೇಲ್ಮನವಿ ಹಾಕಿ. ಆದೇಶ ಕೈ ಸೇರಿದ 30 ದಿನದೊಳಗೆ ಹಾಕಬೇಕು. ಅದನ್ನು ಬಿಟ್ಟು ನೇರ ಹೈಕೋರ್ಟ್‌ಗೆ ಹೋದರೆ, ಕಾಯ್ದೆಯಲ್ಲೇ ದಾರಿ ಇದೆಯಲ್ಲ ಅನ್ನೋ ಮಾತು ಬರೋದೇ ಜಾಸ್ತಿ. ಅವರ ಲೆಕ್ಕ ಸರಿ ಇದ್ದರೆ ಇಎಂಡಿ (ಟೆಂಡರ್ ಜೊತೆ ಕಟ್ಟಿದ ಠೇವಣಿ) ವಾಪಸ್ ತಗೊಂಡು ಮುಂದಿನ ಟೆಂಡರ್ ನೋಡಿ. 'ಎಲ್1 ಆಗ್ತಿದ್ದೆ' ಅನ್ನೋದನ್ನೂ ಬಿಡಿ. ದರ ಇರೋ ನಿಮ್ಮ ಎರಡನೇ ಕವರ್ ತೆರೆದೇ ಇಲ್ಲ, ಎಲ್1 ಅಂತ ಹೇಳೋದು ಹೇಗೆ?

ನಿವೃತ್ತ ನ್ಯಾಯಮೂರ್ತಿಗಳ ಸಮಿತಿಗೆ ದೂರು ಕೊಡಬಹುದಾ ಅಂತಲೂ ಕೇಳಿದ್ದೀರಿ. 2022ರಲ್ಲಿ ಅದನ್ನು ತಂದದ್ದು 50 ಕೋಟಿ ಮೇಲಿನ ಟೆಂಡರ್‌ಗಳನ್ನು ಪರಿಶೀಲಿಸೋಕೆ. ನಿಮ್ಮದು ಅಲ್ಲಿಗೆ ಹೋಗಲ್ಲ. ಶಾಸಕರ ಕೈಲಿ ಫೋನ್ ಮಾಡಿಸೋದಂತೂ ಬೇಡವೇ ಬೇಡ.

'ಈ ಕಾಯ್ದೆ ಇರೋದೇ ಸಣ್ಣವರನ್ನು ಹೊರಗಿಡೋಕೆ' ಅಂದಿದ್ದೀರಿ. ನನಗೆ ಹಾಗನ್ನಿಸಲ್ಲ. 1999ರ ಕಾಯ್ದೆ ಇರೋದ್ರಿಂದಲೇ ನಮ್ಮನ್ನು ಯಾಕೆ ಹೊರಗಿಟ್ಟರು ಅಂತ ಕೇಳೋಕಾದರೂ ಆಗ್ತಿದೆ. ಸಿಟ್ಟು ಬಂದರೆ ಟೆಂಡರ್ ಕರೆಯದೇ ಕೆಲಸ ಕೊಡೋಕೆ ದಾರಿ ಮಾಡುವ 4(ಜಿ) ವಿನಾಯಿತಿ ಮೇಲೆ ಸಿಟ್ಟು ಮಾಡಿಕೊಳ್ಳಿ. ಅಲ್ಲಿ ಎನ್ನೂ ಇಲ್ಲ, ಬಿಯೂ ಇಲ್ಲ.

ಇನ್ನೊಂದು. ಷರತ್ತು ಯಾರಿಗೋ ಅಳತೆ ಕೊಟ್ಟು ಹೊಲಿಸಿದ ಹಾಗೆ ಕಂಡರೆ ಪ್ರೀ-ಬಿಡ್ (ಟೆಂಡರ್ ಹಾಕೋ ಮುಂಚಿನ) ಹಂತದಲ್ಲೇ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ. ತುಟಿ ಬಿಚ್ಚದೆ ಟೆಂಡರ್ ಹಾಕಿ, ಸೋತ ಮೇಲೆ ಷರತ್ತೇ ಸರಿಯಿಲ್ಲ ಅಂದರೆ ಕೋರ್ಟ್‌ಗಳು ಸಾಮಾನ್ಯವಾಗಿ ಒಪ್ಪಲ್ಲ. ನಿಮ್ಮ ಶೀಟ್‌ನಲ್ಲಿ ಎನ್ ಎಷ್ಟು ಹಿಡಿದಿದ್ದಾರೆ ಅಂತ ಕಾಮೆಂಟ್‌ನಲ್ಲಿ ಹಾಕಿ, ನೋಡಿ ಹೇಳ್ತೀನಿ.