ಗದಗದಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೋ) ಸ್ಟೇಷನ್: 100 ವಾಟ್ ರಿಗ್‌ಗೆ ಟ್ಯೂಬ್ ಆಂಪ್ಲಿಫೈಯರ್ ಒಳ್ಳೇದಾ, ಸಾಲಿಡ್ ಸ್ಟೇಟ್ ಒಳ್ಳೇದಾ?

ಎರಡೂ ಬೇಡ. ವಾಲ್ವಿನ ಟ್ಯೂಬೂ ಬೇಡ, ಟ್ರಾನ್ಸಿಸ್ಟರಿನ ಸಾಲಿಡ್ ಸ್ಟೇಟೂ ಬೇಡ. 40 ಮೀಟರ್ ಬ್ಯಾಂಡಿನಲ್ಲಿ ಎಷ್ಟು ಕರೆದರೂ ಯಾರೂ ಉತ್ತರ ಕೊಡ್ತಿಲ್ಲ ಅಂತ ಬರೆದಿದ್ದೀರಲ್ಲ, ಧಾರವಾಡದಲ್ಲಿ ನನ್ನದೂ ಇದೇ ಗೋಳಾಗಿತ್ತು. 100 ವಾಟ್ ರಿಗ್ (ಮಾತು ಕಳಿಸುವ, ಕೇಳುವ ರೇಡಿಯೋ ಸೆಟ್), ತಾರಸಿ ಮೇಲೆ ಡೈಪೋಲ್ (ತಂತಿಯ ಆಂಟೆನಾ). ಬೆಂಗಳೂರಿನವರು "ಏನೋ ಕೇಳಿಸ್ತಿದೆ, ಕಾಲ್‌ಸೈನ್ ಮತ್ತೊಮ್ಮೆ ಹೇಳಿ" ಅನ್ನುತ್ತಿದ್ದರು. ಜನರಲ್ ಗ್ರೇಡ್ ಲೈಸೆನ್ಸ್ ಇದೆ, ಎಚ್‌ಎಫ್‌ನಲ್ಲಿ (40 ಮೀಟರ್ ಸೇರಿದ ಶಾರ್ಟ್‌ವೇವ್) 400 ವಾಟ್ ತನಕ ಬಿಡಬಹುದು, ಮತ್ಯಾಕೆ ತಡ ಅಂತ ಸೆಕೆಂಡ್ ಹ್ಯಾಂಡ್ ಲೀನಿಯರ್ ಆಂಪ್ಲಿಫೈಯರ್ ತಂದೆ. ಮನೆಯಲ್ಲಿ ಹೇಳಿದ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ.

ಲಾಭ? ಒಂದು ಎಸ್ ಪಾಯಿಂಟ್. ಪವರ್ ನಾಲ್ಕು ಪಟ್ಟಾದರೆ 6 ಡೆಸಿಬಲ್, ಅಷ್ಟಕ್ಕೆ ಕೇಳುವವರ ರಿಗ್‌ನ ಸಿಗ್ನಲ್ ಮೀಟರ್ ಒಂದೇ ಮನೆ ಏರುತ್ತೆ.

ನಾನು ಎಡವಿದ್ದು ಎಸ್‌ಡಬ್ಲ್ಯುಆರ್ ಮೀಟರ್ ನಂಬಿ. ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬರುತ್ತೆ ಅಂತ ತೋರಿಸೋದು ಅದು, 1 ಅಂದ್ರೆ ಏನೂ ವಾಪಸ್ ಬರ್ತಿಲ್ಲ ಅಂತ. ರಿಗ್ ಪಕ್ಕದಲ್ಲಿ ಅದು ಸದಾ 1.2 ತೋರಿಸುತ್ತಿತ್ತು. ಆಂಟೆನಾ ಕಡೆ ಎಲ್ಲ ಸರಿ ಇದೆ ಅಂದುಕೊಂಡೆ. ಹುಬ್ಬಳ್ಳಿಯ ಹಿರಿಯ ಹ್ಯಾಮ್ ಒಬ್ಬರು ಫೋನಿನಲ್ಲೇ ಕೇಳಿದರು: "ಮ್ಯಾಲಿನ ತುದಿ ಬಿಚ್ಚಿ ನೋಡೀರೇನು?" ಕೇಬಲ್‌ನಿಂದ ಡೈಪೋಲ್ ಬಿಚ್ಚಿ, ಪವರ್ ಕಡಿಮೆ ಮಾಡಿ ಕ್ಷಣಕಾಲ ಕೀ ಒತ್ತಿದೆ. ತುದಿಯಲ್ಲಿ ಏನೂ ಇಲ್ಲ ಅಂದಮೇಲೆ ಪವರ್ ಎಲ್ಲ ವಾಪಸ್ ಬಂದು ಮುಳ್ಳು ಪೂರ್ತಿ ಮೇಲೆ ಹೋಗಬೇಕು, ಅಲ್ವಾ? 1.5ಕ್ಕೆ ನಿಂತಿತು!

ಲೆಕ್ಕ ನೋಡಿ. 1.5 ಅಂದ್ರೆ ಕಳಿಸಿದ 100ರಲ್ಲಿ ವಾಪಸ್ ಬಂದದ್ದು ಬರೀ 4. ಮೇಲೆ ಹೋಗುವಾಗ ಐದರಲ್ಲಿ ಒಂದು ಪಾಲು ಉಳಿಯಿತು, ಕೆಳಗೆ ಬರುವಾಗ ಅದರಲ್ಲೂ ಐದರಲ್ಲಿ ಒಂದೇ ಪಾಲು. ಉಳಿದದ್ದೆಲ್ಲ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಯಿತು. ಕೇಬಲ್ ಹಾಳಾದಷ್ಟೂ ಮೀಟರ್ ಚೆಂದ ತೋರಿಸುತ್ತೆ, ಅದೇ ಮೋಸ. ಹಳೇ ಆರ್‌ಜಿ-58 ಕೇಬಲ್ ಅದು. ಮೇಲಿನ ಕನೆಕ್ಟರ್‌ಗೆ ಸುಮ್ನೆ ಇನ್ಸುಲೇಷನ್ ಟೇಪ್ ಸುತ್ತಿದ್ದೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಕೇಬಲ್ಲಿನ ಜಾಲರಿಯೊಳಗೆ ನೀರಿಳಿದು ತಾಮ್ರ ಕಪ್ಪಾಗಿತ್ತು.

ಅಂದ್ರೆ 100 ವಾಟ್ ಬಿಟ್ಟಾಗ ಡೈಪೋಲ್‌ಗೆ ಸಿಗುತ್ತಿದ್ದದ್ದು 20. ಲೀನಿಯರ್ ಹಾಕಿ 400 ಬಿಟ್ಟರೂ 80. ಹೊಸ, ದಪ್ಪನೆಯ ಆರ್‌ಜಿ-213 ಕೇಬಲ್ ಎಳೆದ ಮೇಲೆ, ಸುಮಾರು 20 ಮೀಟರ್ ಉದ್ದಕ್ಕೆ, ಬರೀ ರಿಗ್‌ನಿಂದಲೇ 90ರ ಮೇಲೆ ತಲುಪುತ್ತೆ. ಲೀನಿಯರನ್ನು ಅರ್ಧ ಬೆಲೆಗೆ ಮಾರಿದೆ.

ಇನ್ನೊಂದು. ಆಂಪ್ಲಿಫೈಯರ್ ನಿಮ್ಮ ದನಿಯನ್ನಷ್ಟೇ ದೊಡ್ಡದು ಮಾಡುತ್ತೆ, ಬೇರೆಯವರದ್ದನ್ನಲ್ಲ. ಯಾರೋ ಉತ್ತರ ಕೊಟ್ಟಿರುತ್ತಾರೆ, ನಿಮ್ಮ ಮನೆ ಎಲ್‌ಇಡಿ ಬಲ್ಬು ಎಬ್ಬಿಸುವ ರೇಡಿಯೋ ಗದ್ದಲದಲ್ಲಿ ನಿಮಗೇ ಕೇಳಿಸಿರಲ್ಲ. ಮೇನ್ ಸ್ವಿಚ್ ತೆಗೆದು, ರಿಗ್ಗನ್ನು ಬ್ಯಾಟರಿ ಮೇಲೆ ಹಾಕಿ, ಗದ್ದಲ ಕಡಿಮೆಯಾಗುತ್ತಾ ಅಂತ ಒಮ್ಮೆ ಕೇಳಿ.

ಟ್ಯೂಬಾ, ಸಾಲಿಡ್ ಸ್ಟೇಟಾ ಅಂತ ಕೇಳಲೇಬೇಕಾದರೆ ಸಾಲಿಡ್ ಸ್ಟೇಟ್. ಟ್ಯೂಬಿನದರಲ್ಲಿ ಸಾವಿರಾರು ವೋಲ್ಟ್ ಇರುತ್ತೆ, ಆಫ್ ಮಾಡಿದ ಮೇಲೂ ಕೆಪಾಸಿಟರ್ ಹೊಡೆಯುತ್ತೆ. ಮಕ್ಕಳಿರುವ ಮನೆಗೆ ನಾನಂತೂ ತರಲ್ಲ. ಆದರೆ ಮೊದಲು ಮೇಲಿನ ತುದಿ ಬಿಚ್ಚಿ ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ. ಎಸ್‌ಡಬ್ಲ್ಯುಆರ್ 10 ದಾಟಿತು ಅಂದ್ರೆ ಕೇಬಲ್ ಸರಿ ಇದೆ, ಆಗ ಆಂಪ್ಲಿಫೈಯರ್ ಮಾತು ಆಡೋಣ.