ಕಸ ತುಂಬಿದ ನೆಲದಲ್ಲಿ ನಾಣ್ಯದ ಸದ್ದನ್ನು ಬೇರ್ಪಡಿಸುವುದು ಹೇಗೆ?

ಪ್ರಶ್ನೆ: ನಾನು ಎಂಟು ವರ್ಷಗಳಿಂದ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದೇನೆ. ಕಳೆದ ವಸಂತದಲ್ಲಿ ಮಿನೆಲ್ಯಾಬ್ ಈಕ್ವಿನಾಕ್ಸ್ 800 ಮೆಟಲ್ ಡಿಟೆಕ್ಟರ್ ಕೊಂಡು, ಅನುಮತಿ ಪಡೆದು, ಮನೆಯ ಹತ್ತಿರದ ಹಳೆಯ ಉದ್ಯಾನದಲ್ಲಿ ನಾಣ್ಯ ಹುಡುಕುತ್ತಿದ್ದೇನೆ. ಅಲ್ಲಿ ನೆಲದ ತುಂಬ ಮೊಳೆ, ಬಾಟಲಿ ಮುಚ್ಚಳ ಮತ್ತು ಸೋಡಾ ಡಬ್ಬಿ ತೆರೆಯಲು ಎಳೆಯುವ ಪುಲ್ ಟ್ಯಾಬ್‌ಗಳೇ ಇವೆ. ಸದ್ದು ತಾಳಲಾರದೆ, ಬೇಡದ ಲೋಹಗಳ ಸದ್ದನ್ನು ತಡೆಯುವ ಡಿಸ್ಕ್ರಿಮಿನೇಷನ್ ಏರಿಸಿ, ಲೋಹದ ಬಗೆಯನ್ನು ಸೂಚಿಸಲು ಯಂತ್ರ ತೋರುವ ಅಂಕಿಗಳಲ್ಲಿ 20ರ ಕೆಳಗಿನವನ್ನೆಲ್ಲ ಮುಚ್ಚಿದ್ದೇನೆ. ಆಳ ಸಿಗಲೆಂದು ಯಂತ್ರದ ಸೂಕ್ಷ್ಮತೆಯನ್ನು, ಅಂದರೆ ಸೆನ್ಸಿಟಿವಿಟಿಯನ್ನು, 24ಕ್ಕೆ ಇಟ್ಟಿದ್ದೇನೆ. ಆದರೂ ಈಚಿನ ಚಿಲ್ಲರೆಯ ಹೊರತು ಏನೂ ಸಿಕ್ಕಿಲ್ಲ. ಅದೇ ಜಾಗದಲ್ಲಿ ಹಿರಿಯರೊಬ್ಬರು ಅಂಗೈಯಗಲದ ಪುಟ್ಟ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ) ಹಾಕಿದ ಯಂತ್ರ ಹಿಡಿದು ನನ್ನ ಕಣ್ಣೆದುರೇ ಹತ್ತು ಸೆಂಟಿನ ಎರಡು ಬೆಳ್ಳಿ ಡೈಮ್‌ಗಳನ್ನು ತೆಗೆದರು. ನನ್ನ ಸೆಟ್ಟಿಂಗ್‌ನಲ್ಲಿ ತಪ್ಪೆಲ್ಲಿದೆ?

ಉತ್ತರ: ನೀವು ಬದಲಾಯಿಸಿದ ಎರಡು ಸೆಟ್ಟಿಂಗ್‌ಗಳೂ ಕಸದ ನೆಲಕ್ಕೆ ಬೇಕಾದುದರ ವಿರುದ್ಧ ದಿಕ್ಕಿಗೆ ಹೋಗಿವೆ. ಹೊಸಬರಲ್ಲಿ ಹೆಚ್ಚಿನವರು ಇದನ್ನೇ ಮಾಡುತ್ತಾರೆ, ನಾನೂ ಮೊದಲ ವರ್ಷ ಇದನ್ನೇ ಮಾಡಿದ್ದೆ.

ಮೊದಲು ಡಿಸ್ಕ್ರಿಮಿನೇಷನ್ ವಿಚಾರ. 20ರ ಕೆಳಗಿನದನ್ನು ಮುಚ್ಚಿದರೆ ಯಂತ್ರಕ್ಕೆ ಆ ಕಸ ಕಾಣಿಸುವುದೇ ಇಲ್ಲ, ಅದನ್ನು ದಾಟಿ ಅಡಿಯ ನಾಣ್ಯವನ್ನು ನೋಡುತ್ತದೆ ಎಂಬ ಭಾವನೆ ಸಹಜ. ವಾಸ್ತವದಲ್ಲಿ ಕಾಯಿಲ್ ಹೊರಡಿಸುವ ಕಾಂತಕ್ಷೇತ್ರವು ಮೊಳೆ, ಟ್ಯಾಬ್, ನಾಣ್ಯ ಎಲ್ಲವನ್ನೂ ಒಟ್ಟಿಗೆ ಕೆರಳಿಸುತ್ತದೆ. ಎಲ್ಲದರ ಉತ್ತರವೂ ಕಲೆತು ಒಂದೇ ಸಂಕೇತವಾಗಿ ಮರಳುತ್ತದೆ. ಆ ಕಲಸುಮೇಲೋಗರಕ್ಕೆ ಬಂದ ಅಂಕಿ 20ಕ್ಕಿಂತ ಕಡಿಮೆಯಿದ್ದರೆ ಯಂತ್ರ ಸುಮ್ಮನಾಗುತ್ತದೆ. ಸ್ವಚ್ಛ ನೆಲದಲ್ಲಿ 25ರ ಆಸುಪಾಸು ತೋರುವ ಬೆಳ್ಳಿ ಡೈಮ್, ತುಕ್ಕು ಹಿಡಿದ ಮೊಳೆಯ ಪಕ್ಕದಲ್ಲಿದ್ದಾಗ 16 ತೋರಬಹುದು, ಒಮ್ಮೆ 9, ಮರುಬೀಸಿಗೆ 22 ಎಂದು ಕುಣಿಯಬಹುದು. ನಿಮ್ಮ ಕಿವಿಗೆ ಬೀಳಬೇಕಾಗಿದ್ದ ಆ ಮುರುಕು ಸದ್ದನ್ನು ನೀವೇ ಮುಚ್ಚಿಟ್ಟಿದ್ದೀರಿ. ಯಂತ್ರ ಮೌನವಾಗಿದ್ದ ಜಾಗವೆಲ್ಲ ಖಾಲಿ ನೆಲವೆಂದು ತಿಳಿದು ನೀವು ಮುಂದೆ ನಡೆದಿರಿ, ಆ ಹಿರಿಯರು ಅಲ್ಲೇ ನಿಂತರು.

ಇನ್ನೊಂದು ನಷ್ಟವೂ ಇದೆ. ಐದು ಸೆಂಟಿನ ನಿಕಲ್ ನಿಮ್ಮ ಯಂತ್ರದಲ್ಲಿ 12 ಅಥವಾ 13ರಲ್ಲಿ ಬರುತ್ತದೆ. ಪುಲ್ ಟ್ಯಾಬ್‌ಗಳೂ ಆ ನೆರೆಹೊರೆಯಲ್ಲೇ ಬರುತ್ತವೆ, ಬಹುಪಾಲು ಚಿನ್ನದ ಉಂಗುರಗಳೂ ಅಲ್ಲೇ ಬರುತ್ತವೆ. 1909ರವರೆಗೆ ಟಂಕಿಸಿದ, ಇಂಡಿಯನ್ ಹೆಡ್ ಎಂಬ ಹಳೆಯ ಒಂದು ಸೆಂಟ್‌ಗಳು ಅನೇಕ ವೇಳೆ ಇಂದಿನ ಸತುವಿನ ಸೆಂಟ್‌ನ ಅಂಕಿಯನ್ನೇ, ಅಂದರೆ 20ರ ಆಚೀಚೆ, ತೋರುತ್ತವೆ. ಆದ್ದರಿಂದ 20ರ ಗೆರೆ ಕಸವನ್ನು ಮಾತ್ರ ತಡೆಯುವ ಗೆರೆಯಲ್ಲ.

ಹಾಗಾದರೆ ಗದ್ದಲವನ್ನು ತಾಳುವುದು ಹೇಗೆ? ಅಂಕಿಗಳನ್ನು ಮುಚ್ಚುವ ಬದಲು ಸ್ವರಗಳನ್ನು ಬೇರ್ಪಡಿಸಿಕೊಳ್ಳಿ. ಉದ್ಯಾನಗಳಿಗೆಂದೇ ನಿಮ್ಮ ಯಂತ್ರದಲ್ಲಿರುವ ಪಾರ್ಕ್ 1 ಮೋಡಿನಲ್ಲಿ ಐದು ಸ್ವರಗಳ ಆಯ್ಕೆ ಇದೆ. ಕಬ್ಬಿಣದ ಸ್ವರವನ್ನು ತಗ್ಗಿಸಿ, ಅದರ ಧ್ವನಿಪ್ರಮಾಣವನ್ನು ಕೇಳಿಯೂ ಕೇಳದಷ್ಟಕ್ಕೆ ಇಳಿಸಿ, ಸೊನ್ನೆ ಮಾತ್ರ ಮಾಡಬೇಡಿ. ಸಂತೆಯ ಗದ್ದಲದ ನಡುವೆಯೂ ನಮ್ಮ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತೇವಲ್ಲ, ನಾಲ್ಕೈದು ದಿನಗಳಲ್ಲಿ ಕಿವಿ ಈ ಸದ್ದಿಗೂ ಹಾಗೆಯೇ ಪಳಗುತ್ತದೆ. ಅಲ್ಲಿಯವರೆಗೆ ತಲೆನೋವು ಬರುವುದು ನಿಜ. ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೀಸಬೇಡಿ.

ಸೆನ್ಸಿಟಿವಿಟಿಯನ್ನು 24ರಿಂದ 16 ಅಥವಾ 17ಕ್ಕೆ ಇಳಿಸಿ. ಆಳ ಹೋಗುತ್ತದೆಂಬ ಭಯ ಬೇಡ. ಕಾಯಿಲ್‌ನ ಅಳತೆಯನ್ನು ಮೀರಿದ ದೂರದಲ್ಲಿ, ವಸ್ತುವಿನಿಂದ ಮರಳುವ ಸಂಕೇತವು ಸುಮಾರಾಗಿ ದೂರದ ಆರನೇ ಘಾತದ ಲೆಕ್ಕದಲ್ಲಿ ಕ್ಷೀಣಿಸುತ್ತದೆ. ದೂರ ಎರಡು ಪಟ್ಟಾದರೆ ಸಂಕೇತ ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಸೆನ್ಸಿಟಿವಿಟಿಯನ್ನು ಗಣನೀಯವಾಗಿ ಇಳಿಸಿದರೂ ಕಳೆದುಕೊಳ್ಳುವ ಆಳ ಒಂದೆರಡು ಅಂಗುಲ ಮಾತ್ರ. ಆ ಕೊನೆಯ ಅಂಗುಲಗಳ ನಾಣ್ಯ ಕಸದ ನೆಲದಲ್ಲಿ ಹೇಗೂ ನಿಮಗೆ ಕೇಳಿಸುವುದಿಲ್ಲ, ಏಕೆಂದರೆ ಅದರ ಮೇಲೆ ಮೂರು ಮೊಳೆಗಳು ಕುಳಿತಿರುತ್ತವೆ. ಸೆನ್ಸಿಟಿವಿಟಿ ಹೆಚ್ಚಾದಷ್ಟೂ ಪಕ್ಕದ ಕಸವೆಲ್ಲ ಒಂದರ ಮೇಲೊಂದು ಬಿದ್ದು ಕೂಗುತ್ತದೆ.

ಇನ್ನು ರಿಕವರಿ ಸ್ಪೀಡ್. ಒಂದು ವಸ್ತುವಿಗೆ ಸದ್ದು ಕೊಟ್ಟು ಮುಂದಿನದಕ್ಕೆ ಸಿದ್ಧವಾಗಲು ಯಂತ್ರ ತೆಗೆದುಕೊಳ್ಳುವ ಅವಧಿಯನ್ನು ಇದು ನಿಯಂತ್ರಿಸುತ್ತದೆ. ನಿಮ್ಮ ಯಂತ್ರದಲ್ಲಿ ಇದು 1ರಿಂದ 8ರವರೆಗೆ ಇದೆ, ಪಾರ್ಕ್ 1ರಲ್ಲಿ ಕಾರ್ಖಾನೆಯಿಂದ ಬರುವುದು 5. ಅದನ್ನು 6 ಅಥವಾ 7ಕ್ಕೆ ಏರಿಸಿದರೆ ಮೊಳೆಯ ಸದ್ದಿನ ಬಾಲ ಕತ್ತರಿಸಿಹೋಗಿ, ಅದರ ಪಕ್ಕದ ನಾಣ್ಯಕ್ಕೆ ಬಾಯಿ ಬರುತ್ತದೆ. ಇದರಿಂದ ಸ್ವಲ್ಪ ಆಳ ಹೋಗುತ್ತದೆ, ಸದ್ದುಗಳು ತೀರ ಚಿಕ್ಕದಾಗಿ ಟಿಕ್ ಟಿಕ್ ಎನ್ನುತ್ತವೆ. ನನಗೆ 8ರಲ್ಲಿ ಆ ಚುಟುಕು ಸದ್ದನ್ನು ಗುರುತಿಸಲು ಕಷ್ಟವಾಗುತ್ತದೆ, ಹಾಗಾಗಿ 6ರಲ್ಲೇ ನಿಲ್ಲಿಸುತ್ತೇನೆ.

ಅನುಮಾನದ ಸಂಕೇತವನ್ನು ಯಂತ್ರ ಎಷ್ಟರ ಮಟ್ಟಿಗೆ ಕಬ್ಬಿಣವೆಂದು ಎಣಿಸಬೇಕೆಂದು ನಿರ್ಧರಿಸುವ ಐರನ್ ಬಯಾಸ್ ವಿಷಯದಲ್ಲಿ ತುಸು ನಿಧಾನಿಸಬೇಕು, ಏಕೆಂದರೆ ಕಸವೆಲ್ಲ ಒಂದೇ ಜಾತಿಯದಲ್ಲ. ಹಳೆಯ ಮನೆಯೋ ಮರದ ಬೇಲಿಯೋ ಇದ್ದು ಹೋದ ಜಾಗದಲ್ಲಿ ಮೊಳೆಗಳ ಕಸ ಇರುತ್ತದೆ. ಅಲ್ಲಿ ಐರನ್ ಬಯಾಸನ್ನು 2 ಅಥವಾ 3ಕ್ಕೆ ಇಳಿಸಿದರೆ, ಮೊಳೆಯ ಜೊತೆ ಸೇರಿಕೊಂಡ ನಾಣ್ಯವನ್ನು ಯಂತ್ರ ಕಬ್ಬಿಣವೆಂದು ತಳ್ಳಿಹಾಕುವುದು ಕಡಿಮೆಯಾಗುತ್ತದೆ. ಆದರೆ ಬಾಗಿದ ಮೊಳೆಗಳೂ ಆಗಾಗ ಬೆಳ್ಳಿಯ ಸ್ವರದಲ್ಲಿ ಕೂಗುತ್ತವೆ. ಜನ ಕೂತು ಕುಡಿದೆದ್ದ ಬೆಂಚುಗಳ ಸುತ್ತ ಇರುವುದು ಉಕ್ಕಿನ ಬಾಟಲಿ ಮುಚ್ಚಳಗಳ ಕಸ. ಚಪ್ಪಟೆಯಾಗಿ ದುಂಡಗಿರುವ ಆ ಉಕ್ಕು ಯಂತ್ರವನ್ನು ಚೆನ್ನಾಗಿಯೇ ಏಮಾರಿಸುತ್ತದೆ. ಅಲ್ಲಿ ಐರನ್ ಬಯಾಸ್ 6ರಿಂದ 8ರವರೆಗೆ ಇರಬೇಕು. ಒಂದೇ ಉದ್ಯಾನದ ಎರಡು ಮೂಲೆಗಳಿಗೆ ಎರಡು ಬೇರೆ ಸೆಟ್ಟಿಂಗ್ ಬೇಕು ಎಂಬುದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಆದಂತೆ.

ಅಲ್ಯೂಮಿನಿಯಂ ಕಸಕ್ಕೆ ಮಾತ್ರ ಯಾವ ಸೆಟ್ಟಿಂಗೂ ಪರಿಹಾರವಲ್ಲ. ನಿಮ್ಮ ರಾಜ್ಯದ ಡೇಟನ್‌ನವರೇ ಆದ ಎರ್ಮಲ್ ಫ್ರೇಜ಼್ ಅವರು ರೂಪಿಸಿದ, ಡಬ್ಬಿಯಿಂದ ಕಿತ್ತು ಬರುವ ಟ್ಯಾಬ್ 1960ರ ದಶಕದಲ್ಲಿ ಬಳಕೆಗೆ ಬಂತು. ಡಬ್ಬಿಗೇ ಅಂಟಿಕೊಂಡಿರುವ ಟ್ಯಾಬ್ ಬಂದದ್ದು 1975ರಲ್ಲಿ. ನಡುವಿನ ವರ್ಷಗಳಲ್ಲಿ ಜನ ಕಿತ್ತು ಎಸೆದದ್ದೆಲ್ಲ ನಿಮ್ಮ ಕಾಲಡಿಯಲ್ಲಿದೆ. ಇದರಲ್ಲಿ ಒಂದು ಸಮಾಧಾನವೂ ಉಂಟು. ಡೈಮ್ ಮತ್ತು ಇಪ್ಪತ್ತೈದು ಸೆಂಟಿನ ಕ್ವಾರ್ಟರ್‌ಗಳಲ್ಲಿ ಶೇಕಡಾ 90 ಬೆಳ್ಳಿ ಇದ್ದದ್ದು 1964ರ ಮುದ್ರೆಯವರೆಗೆ; ಹಾಗಾಗಿ ಕಿತ್ತು ಬರುವ ಟ್ಯಾಬ್‌ಗಳು ದಟ್ಟವಾಗಿರುವ ಕಡೆ, ಬೆಳ್ಳಿ ನಾಣ್ಯಗಳು ಇನ್ನೂ ಕೈಬದಲಾಗುತ್ತಿದ್ದ ಕಾಲದಲ್ಲೇ ಜನ ಓಡಾಡಿದ್ದರೆಂದು ಊಹಿಸಬಹುದು. ಬೆಳ್ಳಿಯಷ್ಟೇ ಸಾಕು ಎನ್ನುವುದಾದರೆ ಟ್ಯಾಬ್‌ಗಳ ಆ ಮಧ್ಯದ ಸ್ವರವನ್ನು ಕೇಳಿಸಿಕೊಂಡೂ ಅಗೆಯದೆ ಬಿಡಿ, ಯಂತ್ರದಲ್ಲಿ ಮಾತ್ರ ಮುಚ್ಚಬೇಡಿ. ನಿಕಲ್ಲೂ ಉಂಗುರವೂ ಬೇಕಾದರೆ ಟ್ಯಾಬ್‌ಗಳನ್ನು ಅಗೆಯದೆ ಗತ್ಯಂತರವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಆ ಹಿರಿಯರಿಗೆ ಡೈಮ್ ಕೊಟ್ಟದ್ದರಲ್ಲಿ ದೊಡ್ಡ ಪಾಲು ಅವರ ಪುಟ್ಟ ಕಾಯಿಲ್‌ನದು ಎಂದೇ ನನ್ನ ಅಂದಾಜು. ನಿಮ್ಮ ಯಂತ್ರದೊಂದಿಗೆ ಬಂದ 11 ಅಂಗುಲದ ಕಾಯಿಲ್ ಒಂದೇ ಸಲಕ್ಕೆ ಆರೇಳು ಕಸದ ತುಣುಕುಗಳ ಮೇಲೆ ಹರಡಿಕೊಳ್ಳುತ್ತದೆ. 6 ಅಂಗುಲದ ಕಾಯಿಲ್ ಎರಡರ ನಡುವೆ ನುಸುಳುತ್ತದೆ. ಸೆಟ್ಟಿಂಗ್ ತಿದ್ದುವುದಕ್ಕೆ ಹಣ ಬೇಕಾಗಿಲ್ಲ, ಕಾಯಿಲ್‌ಗೆ ಬೇಕು. ಆದರೂ ಈ ಹವ್ಯಾಸದಲ್ಲಿ ಎರಡನೆಯ ಖರ್ಚು ಮಾಡುವುದಾದರೆ ಅದು ಇದಕ್ಕೇ ಆಗಲಿ. ಸಣ್ಣ ಕಾಯಿಲ್ ಹಾಕಿದಾಗ ಬೀಸು ಗಿಡ್ಡವಾಗಿರಲಿ, ನಿಧಾನವಾಗಿರಲಿ, ಪ್ರತಿ ಬೀಸೂ ಹಿಂದಿನದರ ಅರ್ಧದ ಮೇಲೆ ಬರಲಿ.

ಎರಡು ಸಣ್ಣ ಎಚ್ಚರಿಕೆಗಳು. ಜಾಗಕ್ಕೆ ಹೋದೊಡನೆ ಸುತ್ತಲಿನ ವಿದ್ಯುತ್ ಗದ್ದಲವನ್ನು ತಗ್ಗಿಸುವ ನಾಯ್ಸ್ ಕ್ಯಾನ್ಸಲ್ ಮಾಡಿ. ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಖನಿಜಕ್ಕೆ ಯಂತ್ರವನ್ನು ಹೊಂದಿಸುವುದು) ಮಾಡುವಾಗ ಕಾಯಿಲ್ ಕೆಳಗೆ ಮೊಳೆಯಿದ್ದರೆ ಲೆಕ್ಕವೇ ಕೆಡುತ್ತದೆ. ಲೋಹವಿಲ್ಲದ ಎರಡಡಿ ನೆಲ ಸಿಗದಿದ್ದರೆ ಅದನ್ನು ಕಾರ್ಖಾನೆಯ ಮಟ್ಟದಲ್ಲೇ ಬಿಡುವುದು ಲೇಸು.

ಕೊನೆಯದಾಗಿ, ಅಗೆಯುವ ಮುನ್ನ ಮಾಡಬೇಕಾದ ಪರೀಕ್ಷೆ. ಒಳ್ಳೆಯ ಸ್ವರ ಬಂದ ಕೂಡಲೇ ನಿಂತಲ್ಲೇ ಕಾಲು ಭಾಗ ಸುತ್ತಿ, ಮೊದಲಿನದಕ್ಕೆ ಅಡ್ಡಲಾಗಿ ಬೀಸಿ. ನಾಣ್ಯವಾದರೆ ಎರಡೂ ದಿಕ್ಕಿನಿಂದ ಹೆಚ್ಚುಕಡಿಮೆ ಅದೇ ಅಂಕಿ, ಅದೇ ಜಾಗ. ಮೊಳೆಯಾದರೆ ಸ್ವರ ಒಡೆಯುತ್ತದೆ, ಇಲ್ಲವೇ ಸ್ಥಳ ಬದಲಿಸುತ್ತದೆ. ಬಳಿಕ ಎಲ್ಲ ಲೋಹಗಳನ್ನೂ ಕೇಳಿಸುವ ಗುಂಡಿಯನ್ನು ಒತ್ತಿ, ಕಾಯಿಲನ್ನು ಗಿಡ್ಡವಾಗಿ ಆಡಿಸುತ್ತ ನಿಧಾನವಾಗಿ ನಿಮ್ಮತ್ತ ಎಳೆದುಕೊಳ್ಳಿ. ಗುರಿ ಕಾಯಿಲ್‌ನ ತುದಿಗೆ ಬಂದಾಗ ಗೊರಗೊರ ಎಂಬ ಕಬ್ಬಿಣದ ಸದ್ದು ಹೊರಟರೆ ಅದು ಬಾಟಲಿ ಮುಚ್ಚಳವೇ. ಆದರೆ ಮೊಳೆಗಳ ನಡುವಿನ ನಾಣ್ಯ ಈ ಪರೀಕ್ಷೆಯಲ್ಲೂ ಪೂರ್ತಿ ಉತ್ತೀರ್ಣವಾಗುವುದಿಲ್ಲ. ಒಂದೇ ದಿಕ್ಕಿನಿಂದ ಬಂದರೂ, ಹತ್ತು ಬೀಸಿಗೆ ಹತ್ತೂ ಸಲ ಅದೇ ಬಿಂದುವಿನಲ್ಲಿ ಸ್ವರ ಮರುಕಳಿಸಿದರೆ ಅಗೆಯಿರಿ.

ಪ್ರಶ್ನೆ: ನನ್ನದು ಒಂದೇ ಫ್ರೀಕ್ವೆನ್ಸಿಯಲ್ಲಿ ದುಡಿಯುವ ಅಗ್ಗದ ಡಿಟೆಕ್ಟರ್. ಅದರಲ್ಲಿ ರಿಕವರಿ ಸ್ಪೀಡ್, ಐರನ್ ಬಯಾಸ್ ಯಾವುದೂ ಇಲ್ಲ. ಕಸದ ನೆಲವನ್ನು ಬಿಟ್ಟುಬಿಡಬೇಕೆ?

ಉತ್ತರ: ಬೇಕಿಲ್ಲ. ಸೆನ್ಸಿಟಿವಿಟಿಯನ್ನು ಅರ್ಧಕ್ಕಿಂತ ತುಸು ಮೇಲಿಡಿ, ಡಿಸ್ಕ್ರಿಮಿನೇಷನ್‌ನಲ್ಲಿ ಸಣ್ಣ ಕಬ್ಬಿಣವನ್ನಷ್ಟೇ ತೆಗೆಯಿರಿ, ಯಂತ್ರಕ್ಕೆ ಸಣ್ಣ ಕಾಯಿಲ್ ಸಿಗುವುದಾದರೆ ಹಾಕಿಕೊಳ್ಳಿ. ವಸ್ತುಗಳನ್ನು ಬೇಗ ಬೇಗ ಬೇರ್ಪಡಿಸುವ ಶಕ್ತಿ ಯಂತ್ರಕ್ಕಿಲ್ಲದಿರುವಾಗ ಆ ಕೊರತೆಯನ್ನು ಕೈ ತುಂಬಬೇಕು: ಕಾಯಿಲನ್ನು ಇನ್ನೂ ನಿಧಾನವಾಗಿ ಆಡಿಸಿ. ಕೋಣೆಯಷ್ಟು ಜಾಗವನ್ನು ಆರಿಸಿಕೊಂಡು ಅಲ್ಲಿ ಸದ್ದು ಮಾಡುವುದನ್ನೆಲ್ಲ ಎತ್ತಿಹಾಕಿದರೆ, ಮರುದಿನ ಅದೇ ಜಾಗದಲ್ಲಿ ಹಿಂದೆ ಕೇಳಿಸದ ಸ್ವರಗಳು ಕೇಳಿಸುತ್ತವೆ. ಬೇಸರದ ಕೆಲಸ ಹೌದು, ಆದರೆ ಅಗ್ಗದ ಯಂತ್ರದವರಿಗೆ ಇದಕ್ಕಿಂತ ಖಚಿತವಾದ ದಾರಿ ನನಗೆ ಕಂಡಿಲ್ಲ.

ಪ್ರಶ್ನೆ: ರಜೆಯಲ್ಲಿ ಊರಿಗೆ ಬರುವಾಗ ಡಿಟೆಕ್ಟರ್ ತಂದು, ಹಂಪಿಯ ಸುತ್ತಿನ ನಮ್ಮ ಹೊಲದಲ್ಲಿ ಹುಡುಕಬಹುದೆ? ಕೆಂಪು ನೆಲಕ್ಕೆ ಯಾವ ಸೆಟ್ಟಿಂಗ್ ಸೂಕ್ತ?

ಉತ್ತರ: ಸೆಟ್ಟಿಂಗ್ ಹೇಳುವುದಿಲ್ಲ, ತರಬೇಡಿ ಎಂದೇ ಹೇಳುತ್ತೇನೆ. ಭಾರತದಲ್ಲಿ 1878ರಿಂದಲೂ ನಿಧಿ ಕಾಯ್ದೆ ಇದೆ, ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯೂ ಇದೆ; ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು, ಹೊಲ ಸ್ವಂತದ್ದಾದರೂ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ಅದನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಗೆಯುವುದಂತೂ ಅಪರಾಧ. ಅಮೆರಿಕದಲ್ಲಿ ಇರುವವರೂ ಗಮನಿಸಿ: ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಮೆಟಲ್ ಡಿಟೆಕ್ಟರ್ ಬಳಕೆಗೆ ನಿಷೇಧವಿದೆ, ಊರಿನ ಉದ್ಯಾನಗಳ ನಿಯಮ ಊರಿಂದೂರಿಗೆ ಬೇರೆಯಾಗುತ್ತದೆ. ಹೊಲ ಉಳುವಾಗ ತಾನಾಗಿಯೇ ನಾಣ್ಯ ಮೇಲೆದ್ದು ಬಂದರೆ ಅದನ್ನು ಉಜ್ಜಿ ತೊಳೆಯದೆ, ಸಿಕ್ಕ ಜಾಗವನ್ನು ಗುರುತು ಮಾಡಿಕೊಂಡು ತಹಶೀಲ್ದಾರರ ಕಚೇರಿಗೆ ತಿಳಿಸಿ.